ಬಡವರ ಮಕ್ಕಳ ಕಂಪ್ಯೂಟರಿನಲ್ಲಿ ಹತ್ಯಾರೇಕಿಲ್ಲ?

ಕದ್ರಿ ಗುಡ್ಡದ ಸರಕಾರಿ ಪಾಲಿಟೆಕ್ನಿಕ್ 1946ರಲ್ಲಿ ಹುಟ್ಟಿದ ಸಂಸ್ಥೆ. ಅದೇ ಗುಡ್ಡದಲ್ಲಿ ಸರಕಾರಿ ಐ.ಟಿ.ಐ. ಕೂಡ ಇದೆ. ಹಂಚಿನ ಕಾರ್ಖಾನೆಯಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿ, ಬೀಡಿ ಕಟ್ಟುವ ಮನೆಗಳಲ್ಲಿ ದುಡಿದವರ ಮಕ್ಕಳು ಆ ಗುಡ್ಡ ಹತ್ತಿ ಕಸಬು ಕಲಿತು ಇಳಿದು ಬಂದಿದ್ದಾರೆ. ಫಿಟ್ಟರ್ ಕಸಬಿಗೆ ಸೇರಿದ ಹುಡುಗ ವರ್ಕ್‌ಶಾಪಿನೊಳಗೆ ಕಾಲಿಟ್ಟರೆ ಬೆಂಚಿನ ಮೇಲೆ ವೈಸ್ ಇರುತ್ತದೆ, ಅರ ಇರುತ್ತದೆ, ಸುತ್ತಿಗೆ ಇರುತ್ತದೆ. "ಅರವನ್ನು ನೀನೇ ಎಲ್ಲಿಂದಾದರೂ ತಂದುಕೋ" ಎಂದು ಯಾವ ಮಾಸ್ತರರೂ ಹೇಳುವುದಿಲ್ಲ. ಹತ್ಯಾರಿಲ್ಲದ ವರ್ಕ್‌ಶಾಪನ್ನು ವರ್ಕ್‌ಶಾಪ್ ಎಂದು ಒಪ್ಪುವವರು ಯಾರೂ ಇಲ್ಲ.

ಆದರೆ ಈ ಕಾಲದ ಅತಿ ದೊಡ್ಡ ಕಸಬಿನ ವಿಷಯದಲ್ಲಿ ನಾವೆಲ್ಲರೂ ಅದನ್ನು ಒಪ್ಪಿಕೊಂಡು ಸುಮ್ಮನೆ ಕುಳಿತಿದ್ದೇವೆ. ಕಂಪ್ಯೂಟರು ಮನೆಗೆ ಬರುತ್ತದೆ, ಶಾಲೆಗೆ ಬರುತ್ತದೆ. ಅದರಲ್ಲಿ ನೋಡುವ ಸಾಧನ ಉಂಟು, ಕೊಳ್ಳುವ ಸಾಧನ ಉಂಟು, ಆಡುವ ಸಾಧನ ಉಂಟು. ಮಾಡುವ ಸಾಧನ ಮಾತ್ರ ಇಲ್ಲ.

ಕಳೆದ ಮಳೆಗಾಲದಲ್ಲಿ ಮಿಲ್ಲಿನ ಮಿತ್ರರೊಬ್ಬರು ನಮ್ಮ ಕಚೇರಿಗೆ ಬಂದರು. ಅವರ ಮಗಳು ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದಾಳೆ. ಸೊಸೈಟಿಯಲ್ಲಿ ಸಾಲ ತೆಗೆದು ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡು ತಂದಿದ್ದರು. "ಏನು ಹೇಳುವುದು ಮಾರಾಯ್ರೆ," ಎಂದರು. "ಅದರಲ್ಲಿ ಸಿನಿಮಾ ನೋಡಬಹುದು, ಆಟ ಆಡಬಹುದು. ಮಗಳಿಗೆ ಕಲಿಯಲಿಕ್ಕೆ ಬೇಕಾದ್ದು ಮಾತ್ರ ಇಲ್ಲವಂತೆ. ಅದನ್ನು ನೆಟ್ಟಿನಿಂದ ಇಳಿಸಿಕೊಳ್ಳಬೇಕಂತೆ. ನನ್ನ ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿ.ಬಿ.ಯ ಪ್ಯಾಕು. ರಾತ್ರಿ ಮುಕ್ಕಾಲು ಪಾಲು ಇಳಿದು ನಿಂತಿತು. ಬೆಳಿಗ್ಗೆ ನೋಡಿದರೆ ಪುನಃ ಮೊದಲಿನಿಂದ. ಮೂರು ರಾತ್ರಿ ಹೀಗೇ ಆಯಿತು." ಅವರ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ತಾನು ಕೊಂಡದ್ದೇ ಸರಿಯಿಲ್ಲವೇನೋ ಎಂಬ ನಾಚಿಕೆ. ನಾಚಿಕೆಪಡಬೇಕಾದವರು ಅವರಲ್ಲ ಎಂದು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ವಿಷಯ ತಾಂತ್ರಿಕವಾದದ್ದು, ನಮಗೇಕೆ ಎಂದು ಓದುಗ ಮಿತ್ರರು ಪುಟ ತಿರುಗಿಸಬಾರದು. ಸಂಗತಿ ಸರಳವಾಗಿದೆ. ಕಂಪ್ಯೂಟರಿನ ಗುಂಡಿ ಒತ್ತಿದೊಡನೆ ಎದ್ದು ಕೂತು, ಉಳಿದೆಲ್ಲ ಕೆಲಸಗಳನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ವಿಂಡೋಸ್ ಒಂದು, ಆಪಲ್ ಕಂಪನಿಯ ಮ್ಯಾಕ್ ಇನ್ನೊಂದು, ಲಿನಕ್ಸ್ ಆಧಾರಿತವಾದ ಉಬುಂಟು ಮುಂತಾದವು ಮತ್ತೊಂದು ಬಗೆ. ಇದರ ಜೊತೆಗೆ ಕೆಲವು ತಂತ್ರಾಂಶಗಳನ್ನು ತಯಾರಕರು ಮೊದಲೇ ಸೇರಿಸಿ ಕೊಡುತ್ತಾರೆ. ಉಳಿದವುಗಳನ್ನು ಬೇಕಾದವರು ಆಮೇಲೆ ಹಾಕಿಕೊಳ್ಳಬೇಕು. ಹೊಸ ತಂತ್ರಾಂಶ ಬರೆಯಲು ಬೇಕಾದ ಹತ್ಯಾರುಗಳೂ ಇವೆ: ಆದೇಶಗಳನ್ನು ಬರೆಯಲು ಒಂದು ಎಡಿಟರ್, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಲು ಒಂದು ಕಂಪೈಲರ್, ಅಥವಾ ಪೈಥಾನ್‌ನಂತೆ ಬರೆದೊಡನೆ ನಡೆಸಿ ತೋರಿಸುವ ಭಾಷೆ. ಇವುಗಳಲ್ಲಿ ಯಾವುದು ಪೆಟ್ಟಿಗೆಯೊಳಗೆ ಮೊದಲೇ ಇರಬೇಕು, ಯಾವುದು ಹೊರಗಿರಬೇಕು? ಪ್ರಶ್ನೆ ಇಷ್ಟೇ.

ಇದನ್ನು ತೀರ್ಮಾನಿಸುವವರು ಯಾರು? ದೂರದ ಕಂಪನಿಯ ನಾಲ್ಕು ಜನ, ಇಲ್ಲವೇ ಟೆಂಡರ್ ಬರೆಯುವ ಅಧಿಕಾರಿ. ತೀರ್ಮಾನದ ಪೆಟ್ಟು ಬೀಳುವುದು ಯಾರ ಮೇಲೆ? ಉಳ್ಳವರ ಮಗುವಿನ ಮೇಲೆ ಅಲ್ಲ. ಅವರ ಮನೆಯಲ್ಲಿ ತಂತಿಯ ಇಂಟರ್ನೆಟ್ ಇದೆ, ಹೇಳಿಕೊಡಲು ಇಂಜಿನಿಯರ್ ಸೋದರಮಾವ ಇದ್ದಾನೆ. ಅರ್ಧ ಗಂಟೆಯಲ್ಲಿ ಬೇಕಾದ್ದೆಲ್ಲ ಇಳಿದುಬರುತ್ತದೆ. ಆದ್ದರಿಂದ "ಮೊದಲೇ ಏನಿರಬೇಕು" ಎಂಬುದು ಉಳ್ಳವನಿಗೆ ಅನುಕೂಲದ ಪ್ರಶ್ನೆ, ಇಲ್ಲದವನಿಗೆ ಅವಕಾಶದ ಪ್ರಶ್ನೆ. ಮೊದಲೇ ಇದ್ದದ್ದಷ್ಟೇ ಬಡವನ ಪಾಲಿಗೆ ಇದ್ದಂತೆ.

ಮಾತು ಅತಿಯಾಯಿತೆಂದು ಯಾರಿಗಾದರೂ ತೋರಿದರೆ, ಕನ್ನಡಕ್ಕೆ ಆದ ಗತಿಯನ್ನು ನೆನಪಿಸಿಕೊಳ್ಳಲಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಿತು. ಅದರಲ್ಲಿ ಕನ್ನಡವಿತ್ತು, 'ತುಂಗಾ' ಎಂಬ ಹೆಸರಿನ ಫಾಂಟೂ ಇತ್ತು. ಆದರೆ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಕೂಡಿಸಿ ತೋರಿಸುವ ಭಾಗ ತಾನಾಗಿ ಸ್ಥಾಪನೆಯಾಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಒಂದು ಚೌಕದಲ್ಲಿ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ತುರುಕಬೇಕಾಗಿತ್ತು. ಸೈಬರ್ ಕೆಫೆಗೆ ಹೋಗುವವನ ಬಳಿ ಮೂಲ ಸಿ.ಡಿ. ಎಲ್ಲಿಂದ ಬರಬೇಕು? ಕನ್ನಡ ಪುಟ ತೆರೆದರೆ ಚೌಕಗಳ ಸಾಲು ಕಾಣುತ್ತಿತ್ತು, ಇಲ್ಲವೇ ಮುರಿದ ಅಕ್ಷರಗಳು. 2007ರಲ್ಲಿ ವಿಸ್ಟಾ ಬಂದಾಗ ಆ ಭಾಗ ಮೊದಲೇ ಸೇರಿಕೊಂಡು ಬಂತು. ನಡುವಿನ ವರ್ಷಗಳಲ್ಲಿ "ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ" ಎಂದು ನಂಬಿದವರೆಷ್ಟು ಮಂದಿ! ಕನ್ನಡ ಪೆಟ್ಟಿಗೆಯಲ್ಲೇ ಇತ್ತು. ಬೀಗ ಹಾಕಿತ್ತು, ಅಷ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು.

ಅದೇ ಎಕ್ಸ್‌ಪಿಯಿಂದ ಇನ್ನೊಂದು ವಸ್ತು ಸದ್ದಿಲ್ಲದೆ ಕಾಣೆಯಾಗಿತ್ತು. ಅದು ಬೇಸಿಕ್. ಈ ಭಾಷೆಯನ್ನು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಅಧ್ಯಾಪಕರು ರೂಪಿಸಿದರು. ಗಣಿತ, ವಿಜ್ಞಾನ ಓದದ ವಿದ್ಯಾರ್ಥಿಗಳೂ ಯಂತ್ರದೊಡನೆ ಮಾತಾಡಲಿ ಎಂಬುದು ಅವರ ಉದ್ದೇಶ. 1981ರ ಐ.ಬಿ.ಎಂ. ಪಿ.ಸಿ.ಯ ಚಿಪ್ಪಿನೊಳಗೇ ಬೇಸಿಕ್ ಇತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಬಂದ ಬಿ.ಬಿ.ಸಿ. ಮೈಕ್ರೋ ಯಂತ್ರದ ಗುಂಡಿ ಒತ್ತಿದರೆ ಎದುರಿಗೆ ಬರುತ್ತಿದ್ದುದೇ ಬೇಸಿಕ್. 'ಏನಾದರೂ ಬರೆ' ಎಂದು ಯಂತ್ರವೇ ಕಾದು ಕೂರುತ್ತಿತ್ತು. 1984-85ರಲ್ಲಿ ಭಾರತ ಸರಕಾರ 'ಕ್ಲಾಸ್' ಯೋಜನೆಯ ಮೂಲಕ ಶಾಲೆಗಳಿಗೆ ತಂದದ್ದು ಇದೇ ಯಂತ್ರವನ್ನು. 1991ರ ಎಂ.ಎಸ್. ಡಾಸ್ 5ರಲ್ಲಿ ಕ್ಯೂಬೇಸಿಕ್ ಇತ್ತು. ಎಕ್ಸ್‌ಪಿ ಬರುವ ಹೊತ್ತಿಗೆ ಅದು ಪೆಟ್ಟಿಗೆಯಲ್ಲಿರಲಿಲ್ಲ. ಕನ್ನಡ ಅಕ್ಷರ ಒಳಗೆ ಬಂದ ಬಾಗಿಲಿಗೇ ಬಂದಾಗ ಕಸಬಿನ ಹತ್ಯಾರು ಹೊರಗೆ ನಡೆದಿತ್ತು. ಕನ್ನಡದ ಮಗು ಗಿರಾಕಿಯಾಗಿ ಒಳಗೆ ಬಂದಿತು, ಕಸಬಿಯಾಗಿ ಅಲ್ಲ.

ಹತ್ಯಾರನ್ನು ಬೇರ್ಪಡಿಸಿ ಮಾರುವುದರಲ್ಲಿ ಲಾಭವೂ ಇದೆ. ಯುನಿಕ್ಸ್ ಎಂಬ ವ್ಯವಸ್ಥೆಯ ಜೊತೆಗೆ ಸಿ ಭಾಷೆಯ ಕಂಪೈಲರ್ ಬರುವುದು ರೂಢಿಯಾಗಿತ್ತು. 1992ರ ಸುಮಾರಿಗೆ ಸನ್ ಕಂಪನಿ ತನ್ನ ಸೊಲಾರಿಸ್ 2ರಿಂದ ಕಂಪೈಲರನ್ನು ತೆಗೆದು ಪ್ರತ್ಯೇಕ ಬೆಲೆ ಕಟ್ಟಿತು. ಅಕ್ಕಸಾಲಿಗನಿಗೆ ಅಂಗಡಿ ಮಾರಿ, ತಕ್ಕಡಿಗೆ ಬೇರೆ ಹಣ ಕೇಳಿದಂತೆ. ಆದರೆ ಅಷ್ಟರಲ್ಲಿ ಬೇರೊಂದು ದಾರಿ ತೆರೆದಿತ್ತು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಸಾರಿ, 1987ರಲ್ಲಿ ಜಿ.ಸಿ.ಸಿ. ಎಂಬ ಕಂಪೈಲರನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದರು. ಕಂಪನಿ ಕಿತ್ತುಕೊಂಡ ಹತ್ಯಾರನ್ನು ಜನ ತಾವೇ ಮಾಡಿಕೊಂಡರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದದ್ದು ಈ ಮುಕ್ತ ಹತ್ಯಾರಿನಿಂದಲೇ.

ಈಗ ಎದುರುವಾದವನ್ನೂ ಕೇಳಬೇಕು. ಕೇಳದೆ ಕೂಗಾಡುವುದು ನಮ್ಮ ಪದ್ಧತಿಯಲ್ಲ. "ಎಲ್ಲರೂ ಪ್ರೋಗ್ರಾಂ ಬರೆಯುವುದಿಲ್ಲ, ಬರೆಯುವವರು ಇಳಿಸಿಕೊಳ್ಳಲಿ. ಎಲ್ಲರ ಯಂತ್ರಕ್ಕೂ ಭಾರ ಯಾಕೆ?" ಎನ್ನುತ್ತಾರೆ. ಉಬುಂಟುವಿನವರೂ ಹೀಗೇ ಯೋಚಿಸುತ್ತಾರೆ. ಪೈಥಾನ್ ಅದರಲ್ಲಿ ಮೊದಲೇ ಇದೆ, ಸಿ ಕಂಪೈಲರ್ ಇಲ್ಲ. 2023ರ ಅಕ್ಟೋಬರಿನಿಂದ ಕನಿಷ್ಠ ತಂತ್ರಾಂಶಗಳ ಸ್ಥಾಪನೆಯನ್ನೇ ಅವರು ಮೊದಲ ಆಯ್ಕೆಯಾಗಿ ಮಾಡಿದರು. ಭಾರದ ಮಾತಿಗೆ ಉತ್ತರವಿದೆ. ಇಡೀ ಉಬುಂಟು 24.04ರ ಕಡತ ಸುಮಾರು 6 ಜಿ.ಬಿ. ಇದೆ. ಸಿ ಕಂಪೈಲರ್ ಮತ್ತದರ ಸಂಗಡಿಗರಿಗೆ ಬೇಕಾದದ್ದು ಕೆಲವು ನೂರು ಎಂ.ಬಿ. ಮಾತ್ರ, ಒಂದು ಸಿನಿಮಾ ಇಡುವಷ್ಟು ಜಾಗ. ಈ ಭಾರಕ್ಕೆ ಯಾವ ಯಂತ್ರದ ಬೆನ್ನೂ ಮುರಿಯದು.

ಎರಡನೆಯ ಆಕ್ಷೇಪ ಗಟ್ಟಿಯಾದುದು. ಒಳಗೆ ಇಟ್ಟ ಪ್ರತಿಯೊಂದು ಹತ್ಯಾರನ್ನೂ ಯಾರಾದರೂ ನೋಡಿಕೊಳ್ಳಬೇಕು. ನೋಡಿಕೊಳ್ಳದಿದ್ದರೆ ತುಕ್ಕು ಹಿಡಿಯುತ್ತದೆ, ಕಳ್ಳರಿಗೆ ಕಿಂಡಿಯೂ ಆಗುತ್ತದೆ. ಪೈಥಾನ್ 2 ಎಂಬ ಹಳೆಯ ಆವೃತ್ತಿಯ ಪಾಲನೆ 2020ರ ಜನವರಿ 1ಕ್ಕೆ ನಿಂತುಹೋಯಿತು. ಆದರೂ ಅದು ಮ್ಯಾಕ್ ಯಂತ್ರಗಳಲ್ಲಿ 2022ರ ತನಕ ಕುಳಿತಿತ್ತು. ಆ ಮೇಲೆ ಆಪಲ್ ಅದನ್ನು ತೆಗೆಯಿತು. ಇಂಥ ಹಳಸಿದ ಹತ್ಯಾರಿನಲ್ಲಿ ಕಲಿತ ಮಗು ಹೊರಗೆ ಬಂದಾಗ ಕಲಿತದ್ದು ಚಲಾವಣೆಯಲ್ಲಿಲ್ಲದ ನಾಣ್ಯವಾಗುತ್ತದೆ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಇದರಿಂದ ಹೊರಡುವ ತೀರ್ಮಾನ 'ಹತ್ಯಾರು ಬೇಡ' ಎಂಬುದಲ್ಲ. 'ಕೆಲವೇ ಇರಲಿ, ಆರಿಸಿ ಇಡಿ, ಇಟ್ಟದ್ದನ್ನು ಪಾಲಿಸಿ' ಎಂಬುದು. ಅರಕ್ಕೆ ತುಕ್ಕು ಹಿಡಿಯುತ್ತದೆಂದು ವರ್ಕ್‌ಶಾಪಿನಿಂದ ಅರವನ್ನೇ ತೆಗೆದುಹಾಕಿದ ಮಾಸ್ತರರುಂಟೇ?

ಮೂರನೆಯವರು ಹೇಳುತ್ತಾರೆ: "ನೋಟ್‌ಪ್ಯಾಡ್ ಇದೆಯಲ್ಲ, ಬ್ರೌಸರ್ ಇದೆಯಲ್ಲ, ಅಷ್ಟರಲ್ಲೇ ಪ್ರಾರಂಭಿಸಬಹುದು." ಇದೂ ನಿಜ. ಈ ಮಾತನ್ನು ಓದುಗರು ಉಪಯೋಗಿಸಿಕೊಳ್ಳಲಿ ಎಂದೇ ಇಲ್ಲಿ ಬರೆಯುತ್ತೇವೆ. ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಅಥವಾ ಕ್ರೋಮ್ ತೆರೆದು ಎಫ್ 12 ಗುಂಡಿ ಒತ್ತಿ ನೋಡಿ. ಪುಟದ ಒಳಗಿನ ಯಂತ್ರವೆಲ್ಲ ತೆರೆದು ಕಾಣುತ್ತದೆ. ಅಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಲೆಕ್ಕ ಬರೆದು ನಡೆಸಬಹುದು, ಕಾಸು ಖರ್ಚಿಲ್ಲ. ಬ್ರೌಸರ್ ಮಾಡಿದವರು ಈ ಹತ್ಯಾರನ್ನು ಎಲ್ಲರ ಯಂತ್ರದಲ್ಲೂ ಮೊದಲೇ ಇಟ್ಟರು. ಅದರಿಂದ ಯಾರ ಯಂತ್ರವೂ ಕೆಡಲಿಲ್ಲ. ಎಷ್ಟೋ ಮಕ್ಕಳ ಕುತೂಹಲ ಅಲ್ಲಿಂದಲೇ ಕೆರಳಿತು. ಇದು ನಮ್ಮ ವಾದಕ್ಕೆ ಬಲವೇ ಹೊರತು ಎದುರುವಾದವಲ್ಲ. ಆದರೆ ಪರೀಕ್ಷೆಯಲ್ಲಿ ಸಿ ಭಾಷೆ ಕೇಳುವಾಗ, ನೌಕರಿಯಲ್ಲಿ ಪೈಥಾನ್ ಕೇಳುವಾಗ, ಇದೊಂದೇ ಸಾಲದು. ವಿಂಡೋಸಿನಲ್ಲಿ 2019ರಿಂದ ಆದೇಶದ ಕಿಟಕಿಯಲ್ಲಿ 'ಪೈಥಾನ್' ಎಂದು ಟೈಪ್ ಮಾಡಿದರೆ ಪೈಥಾನ್ ಬರುವುದಿಲ್ಲ, ಕಂಪನಿಯ ಅಂಗಡಿಯ ಪುಟ ತೆರೆಯುತ್ತದೆ. ಬೆಲೆಯೇನೂ ಇಲ್ಲ, ಇಳಿಸಿಕೊಳ್ಳಲು ನೆಟ್ಟು ಬೇಕು. ಪುನಃ ಆ ಮಿಲ್ಲಿನ ಮಿತ್ರರ ಒಂದೂವರೆ ಜಿ.ಬಿ.ಗೇ ಬಂದು ನಿಂತೆವು.

ಬೇರೆ ದಾರಿಯನ್ನು ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಸ್ಟೇಟ್‌ಬ್ಯಾಂಕಿನಿಂದ ಬಸ್ಸು ಹತ್ತಿ ತಲಪಾಡಿಯ ಗಡಿ ದಾಟಿದರೆ ಸಾಕು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಮಂಜೇಶ್ವರದಲ್ಲಿ ನಮ್ಮದೇ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಪ್ರಾರಂಭಿಸಿತು. ಒಂದೇ ಕಂಪನಿಯ ತಂತ್ರಾಂಶಕ್ಕೆ ಮಕ್ಕಳನ್ನು ಕಟ್ಟಿಹಾಕಬಾರದೆಂದು ಅಲ್ಲಿನ ಶಿಕ್ಷಕರೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ದನಿಯೆತ್ತಿದರು. ಶಾಲೆಗಳು ಲಿನಕ್ಸಿಗೆ ಬದಲಾದವು. 2017ರಲ್ಲಿ ಈ ಯೋಜನೆ 'ಕೈಟ್' ಎಂಬ ಸರಕಾರಿ ಕಂಪನಿಯಾಯಿತು. ಅವರು ಉಬುಂಟುವನ್ನು ತೆಗೆದುಕೊಂಡು, ತಮ್ಮ ಪಠ್ಯಕ್ಕೆ ಏನು ಬೇಕೋ ಅದನ್ನೆಲ್ಲ ಮೊದಲೇ ಸೇರಿಸಿ, ತಮ್ಮದೇ ಆವೃತ್ತಿ ಮಾಡಿದರು. ರೇಖಾಗಣಿತಕ್ಕೆ ಜಿಯೋಜೀಬ್ರಾ, ಬರವಣಿಗೆಗೆ ಲಿಬ್ರೆ ಆಫೀಸ್, ಚಿತ್ರಕ್ಕೆ ಜಿಂಪ್, ಪುಟ್ಟವರಿಗೆ ಸ್ಕ್ರಾಚ್, ದೊಡ್ಡವರಿಗೆ ಪೈಥಾನ್. 2019ರಲ್ಲಿ ಎರಡು ಲಕ್ಷ ಶಾಲಾ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ಹೊರಟಾಗ, ಇದರಿಂದ 3,000 ಕೋಟಿ ರೂಪಾಯಿ ಉಳಿಯಿತೆಂಬ ಲೆಕ್ಕವನ್ನೂ ಕೊಟ್ಟರು. ಐ.ಸಿ.ಟಿ. ಪಠ್ಯಪುಸ್ತಕ ಅಲ್ಲಿ ಕನ್ನಡದಲ್ಲೂ ಇದೆ.

ಇದರಲ್ಲಿ ಹಣದ ಉಳಿತಾಯಕ್ಕಿಂತ ದೊಡ್ಡ ಪಾಠವೊಂದಿದೆ. ಪೆಟ್ಟಿಗೆಯಲ್ಲಿ ಏನಿರಬೇಕೆಂಬುದನ್ನು ಕಂಪನಿ ತೀರ್ಮಾನಿಸಲಿಲ್ಲ, ಪಠ್ಯ ತೀರ್ಮಾನಿಸಿತು. ಪಠ್ಯದಲ್ಲಿ ಪೈಥಾನ್ ಇದ್ದರೆ ಯಂತ್ರದಲ್ಲೂ ಪೈಥಾನ್ ಇರುತ್ತದೆ. ಮಂಜೇಶ್ವರದ ಮೀನುಗಾರನ ಮಗುವಿಗೂ ತಿರುವನಂತಪುರದ ಕಾರ್ಯದರ್ಶಿಯ ಮಗುವಿಗೂ ಶಾಲೆಯಲ್ಲಿ ಒಂದೇ ಪೆಟ್ಟಿಗೆ.

ನಮ್ಮ ರಾಜ್ಯದಲ್ಲಿ ಏನೂ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟರು. 'ಕಗಪ' ಎಂಬ ಹೆಸರಿನಿಂದ ಅದು ಇವತ್ತು ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಮೊದಲೇ ಸೇರಿಕೊಂಡಿದೆ. ಹುಡುಕಿ ಇಳಿಸಿಕೊಳ್ಳಬೇಕಾಗಿಲ್ಲ. ಡಾ. ಯು. ಬಿ. ಪವನಜ ಮಕ್ಕಳ ಲೋಗೊ ಭಾಷೆಯನ್ನು ಕನ್ನಡಕ್ಕೆ ತಂದರು. ಇಂಗ್ಲಿಷ್ ಬಾರದ ಮಗುವೂ ಕನ್ನಡದಲ್ಲೇ ಆದೇಶ ಕೊಟ್ಟು ಗೆರೆ ಎಳೆಯಬಹುದು. ಹತ್ಯಾರು ಮಾಡುವವರು ನಮ್ಮಲ್ಲಿದ್ದಾರೆ. ಮಾಡಿದ್ದನ್ನು ಪೆಟ್ಟಿಗೆಯಲ್ಲಿಡುವವರು ಬೇಕು.

ಸರಕಾರದ ಹಣವೂ ಕಡಿಮೆ ಹರಿದಿಲ್ಲ. 2021ರಲ್ಲಿ ಸರಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಯೋಜನೆ ಬಂತು. ಕೊರೊನಾ ಕಾಲದಲ್ಲಿ ಪಾಠ ಕೇಳಲು ಅದು ಉಪಕಾರವಾಯಿತು, ಅಲ್ಲಗಳೆಯುವುದಿಲ್ಲ. ಆದರೆ ಟ್ಯಾಬ್ಲೆಟ್ ಎಂದರೆ ಮೂಲತಃ ನೋಡುವ ಹಲಗೆ. ಪಾಲಿಟೆಕ್ನಿಕ್ಕಿನ ಹುಡುಗನಿಗೆ ಬೇಕಾದುದು ಕೆಲಸದ ಬೆಂಚು. ಜನರ ತೆರಿಗೆಯ ಹಣದಲ್ಲಿ ಇನ್ನೊಮ್ಮೆ ಯಂತ್ರ ಕೊಳ್ಳುವಾಗ ಈ ಭೇದವನ್ನು ಮರೆಯಬಾರದು.

ಸಣ್ಣ ವ್ಯಾಪಾರಿಗಳಿಗೆ ಇದರಲ್ಲಿ ಏನಿದೆ ಎಂದು ಕೇಳುವವರಿಗೆ ಒಂದು ಮಾತು. ಮಲ್ಲಿಕಟ್ಟೆಯ ಕಡೆಯ ಅಂಗಡಿಯ ಮಿತ್ರರೊಬ್ಬರು ಬಿಲ್ಲಿನ ತಂತ್ರಾಂಶಕ್ಕೆ ವರ್ಷವರ್ಷವೂ ಹಣ ಕಟ್ಟುತ್ತಾರೆ. ಗಿರಾಕಿಯ ಉದ್ರಿ ಬಾಕಿಯನ್ನು ಬಿಲ್ಲಿನ ಕೆಳಗೆ ಕನ್ನಡದಲ್ಲಿ ತೋರಿಸಬೇಕೆಂದು ಕೇಳಿದರೆ ಅದಕ್ಕೆ ಬೇರೆ ದರ ಹೇಳಿದರಂತೆ. ಕೊನೆಗೆ ಅಕ್ಕನ ಮಗ ಪೈಥಾನಿನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದು ಉದ್ರಿ ಪುಸ್ತಕವನ್ನು ಸರಿಮಾಡಿ ಕೊಟ್ಟ. ಆ ಹುಡುಗ ಇದನ್ನು ಕಲಿಯದೇ ಇದ್ದಿದ್ದರೆ ಇವರು ಇನ್ನೂ ಆ ದರವನ್ನೇ ನೋಡುತ್ತ ಕೂರಬೇಕಿತ್ತು. ಊರಲ್ಲಿ ಕಸಬು ಬಲ್ಲವರು ಹೆಚ್ಚಿದರೆ ಅಂಗಡಿಯವನ ಪರಾಧೀನತೆಯೂ ಕಡಿಮೆಯಾಗುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಒಂದು: ಸರಕಾರದ ಹಣದಲ್ಲಿ ಶಾಲೆ, ಐ.ಟಿ.ಐ., ಪಾಲಿಟೆಕ್ನಿಕ್ಕುಗಳಿಗೆ ಕೊಳ್ಳುವ ಯಂತ್ರಗಳಲ್ಲಿ ಮೊದಲೇ ಯಾವ ತಂತ್ರಾಂಶ ಇರುತ್ತದೆಂಬ ಪಟ್ಟಿಯನ್ನು ಟೆಂಡರಿಗೆ ಮುಂಚೆ ಬಹಿರಂಗಪಡಿಸಬೇಕು. ಪಟ್ಟಿ ಮಾಡುವ ಸಮಿತಿಯಲ್ಲಿ ಪಾಠ ಮಾಡುವ ಶಿಕ್ಷಕರೂ ಕಲಿಯುವ ವಿದ್ಯಾರ್ಥಿಗಳೂ ಇರಬೇಕು.

ಎರಡು: ಪಟ್ಟಿ ಚಿಕ್ಕದಿರಲಿ. ಒಂದು ಒಳ್ಳೆಯ ಎಡಿಟರ್, ಸ್ಕ್ರಾಚ್, ಪೈಥಾನ್, ಸಿ ಕಂಪೈಲರ್, ಕನ್ನಡ ಲೋಗೊ, ಕನ್ನಡ ಕೀಲಿಮಣೆ. ಇವುಗಳ ಸಹಾಯ ಪುಸ್ತಕ ಕನ್ನಡದಲ್ಲಿ, ನೆಟ್ಟಿಲ್ಲದೆ ತೆರೆಯುವಂತೆ ಯಂತ್ರದೊಳಗೇ ಇರಲಿ. ಉಳಿದ ನೂರಾರು ಹತ್ಯಾರು ಹೊರಗಿರಲಿ, ನಮ್ಮ ತಕರಾರಿಲ್ಲ.

ಮೂರು: ವಿದ್ಯಾರ್ಥಿಯ ಕೈಗೇ ಕೊಡುವ ಯಂತ್ರವಾದರೆ ಅದರ ಬೀಗದ ಕೈಯೂ ವಿದ್ಯಾರ್ಥಿಯ ಕೈಯಲ್ಲಿರಬೇಕು. ಹೊಸ ಹತ್ಯಾರು ಹಾಕಿಕೊಳ್ಳಲು ಮತ್ತಾರದೋ ಪಾಸ್‌ವರ್ಡಿಗೆ ಕಾಯುವ ಸ್ಥಿತಿ ಬೇಡ.

ನಾಲ್ಕು: ಇಟ್ಟದ್ದನ್ನು ಪಾಲಿಸುವ ಹೊಣೆ ಒಬ್ಬರ ಹೆಸರಿನಲ್ಲಿರಬೇಕು. ವರ್ಷಕ್ಕೊಮ್ಮೆಯಾದರೂ ಹೊಸ ಆವೃತ್ತಿ ಬರಬೇಕು. ನೆಟ್ಟಿಲ್ಲದವರು ಪೆನ್‌ಡ್ರೈವ್ ಹಿಡಿದು ಹೋದರೆ ತುಂಬಿಸಿ ಕೊಡುವ ಕೇಂದ್ರ ತಾಲೂಕಿಗೊಂದಾದರೂ ಇರಬೇಕು. ಮಂಗಳೂರಿನಲ್ಲಿ ಕದ್ರಿ ಗುಡ್ಡಕ್ಕಿಂತ ಯೋಗ್ಯವಾದ ಜಾಗ ಇದಕ್ಕೆ ಬೇರೆ ಯಾವುದಿದೆ?

ಸರಕಾರ ಕಣ್ಣು ತೆರೆಯುವ ತನಕ ನಾವೂ ಸುಮ್ಮನಿರಬೇಕಾಗಿಲ್ಲ. ಆ ಮಿಲ್ಲಿನ ಮಿತ್ರರ ಮಗಳಿಗೆ ಬೇಕಾದ್ದನ್ನು ನಮ್ಮ ಕಚೇರಿಯ ಯುವಕರಿಬ್ಬರು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರು. ಮೂರು ರಾತ್ರಿಯಲ್ಲಿ ಆಗದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆ ಪೆನ್‌ಡ್ರೈವ್ ಈಗ ಮೇಜಿನ ಮೇಲೇ ಇದೆ. ಅವಶ್ಯವಿದ್ದವರು ಸಂಜೆ ಆರರ ಮೇಲೆ ಯಂತ್ರ ಹಿಡಿದು ಬರಬಹುದು. ಆದರೆ ಒಂದು ಪೆನ್‌ಡ್ರೈವಿನಿಂದ ಜಿಲ್ಲೆಯ ಮಕ್ಕಳೆಲ್ಲರ ಕೊರತೆ ತೀರುವುದಿಲ್ಲ. ದಾನದಿಂದ ಸಿಕ್ಕಿದ ಹತ್ಯಾರಿಗೆ ಕೃತಜ್ಞತೆ ಹೇಳಬೇಕಾಗುತ್ತದೆ. ಹಕ್ಕಿನಿಂದ ಸಿಕ್ಕಿದ್ದಕ್ಕೆ ಅದರ ಅವಶ್ಯವಿಲ್ಲ. ಫಿಟ್ಟರ್ ಹುಡುಗನ ಬೆಂಚಿನ ಮೇಲೆ ಅರ ಹೇಗಿದೆಯೋ ಹಾಗೆಯೇ ಈ ಹುಡುಗಿಯ ಯಂತ್ರದಲ್ಲಿ ಕಂಪೈಲರ್ ಇರಬೇಕು. ಕೇಳದೆಯೇ, ಮೊದಲೇ.